ದಿವಾಣ ಶೇಷಾದ್ರಿ ಅಯ್ಯರರು: ಹಳೆಯ ಪೇಟೆ, ಹೊಸ ಬಡಾವಣೆ

ಬೆಂಗಳೂರಿಗೆ ಹೋಗಿಬಂದ ನಮ್ಮ ವಾಚಕರಲ್ಲಿ ಶೇಷಾದ್ರಿಪುರವೆಂಬ ಹೆಸರನ್ನು ಕೇಳದವರು ವಿರಳ. ಕಬ್ಬನ್ ಉದ್ಯಾನದಲ್ಲಿಯ ಕೆಂಪು ಬಣ್ಣದ ಗ್ರಂಥಾಲಯವನ್ನೂ ಅದರ ಮುಂದಿನ ಪ್ರತಿಮೆಯನ್ನೂ ಕಂಡವರು ಅನೇಕರಿರಬಹುದು. 1913ರಲ್ಲಿ ವೈಸರಾಯ ಲಾರ್ಡ್ ಹಾರ್ಡಿಂಜರಿಂದ ಅನಾವರಣಗೊಂಡ ಆ ಪ್ರತಿಮೆಯು ಮೈಸೂರು ಸಂಸ್ಥಾನವನ್ನು ಹದಿನೆಂಟು ವರುಷ ಆಳಿದ ದಿವಾಣ ಸರ್ ಕೆ. ಶೇಷಾದ್ರಿ ಅಯ್ಯರರದು. ಶಿವನಸಮುದ್ರದ ವಿದ್ಯುತ್ತು, ಮಾರಿಕಣಿವೆಯ ಕಟ್ಟೆ, ಕೋಲಾರದ ಬಂಗಾರ, ಇವುಗಳ ಸಂಗಡ ಅವರ ಹೆಸರನ್ನು ಹೇಳುವ ರೂಢಿಯುಂಟು. ಈ ಮಾತೆಲ್ಲ ಸತ್ಯವೇ. ಆದರೆ ಇಂದು ನಾವು ಅವರ ಚರಿತ್ರೆಯನ್ನು ಬರೆಯಹೊರಟಿದ್ದು ಬೇರೊಂದು ಕಾರಣಕ್ಕಾಗಿ. ಕಾಯಿಲೆಬಿದ್ದ ಹಳೆಯ ಊರನ್ನು ಅಲ್ಲಿಯೇ ಗುಣಪಡಿಸಬೇಕೋ, ಅಥವಾ ಊರ ಹೊರಗಿನ ಬಯಲಿನಲ್ಲಿ ಹೊಸ ಊರನ್ನು ಕಟ್ಟಿ ಜನರನ್ನು ಅತ್ತ ಒಯ್ಯಬೇಕೋ ಎಂಬ ಪ್ರಶ್ನೆಯು ಕನ್ನಡ ನಾಡಿನಲ್ಲಿ ಮೊದಲ ಸಲ ತನ್ನ ಪೂರ್ಣ ಉಗ್ರತೆಯಿಂದ ಎದುರುನಿಂತದ್ದು ಇವರ ಕಾಲದಲ್ಲಿ. ಅವರು ಅದಕ್ಕೆ ಕೊಟ್ಟ ಉತ್ತರವೇ ಇಂದಿಗೂ ನಮ್ಮ ಕಾಯದೆಗಳ ಒಡಲಿನಲ್ಲಿ ಕುಳಿತಿದೆ.

ಆ ಉತ್ತರದ ನೆರಳು ಎಷ್ಟು ದೂರದವರೆಗೆ ಬಿದ್ದಿದೆಯೆಂಬುದನ್ನು ಬೆಂಗಳೂರಿಗೆ ಹೋಗಿಯೇ ನೋಡಬೇಕೆಂದಿಲ್ಲ. ಗೋಕಾಕದ ಧಬಧಬೆಯ ನೆರೆಯಲ್ಲಿರುವ ನಮ್ಮ ಕೊಣ್ಣೂರಿನಲ್ಲಿ ನಿಂತು ನೋಡಿದರೂ ಸಾಕು. ಘಟಪ್ರಭೆಯ ನೀರಿನ ಬಲದಿಂದ 1887ರಲ್ಲಿ ನೂಲಿನ ಗಿರಣಿಯು ತಿರುಗತೊಡಗಿದಂದಿನಿಂದ ಒಕ್ಕಲುತನದ ಹಳ್ಳಿಗೆ ಕೂಲಿಕಾರರ ವಸತಿ ಸೇರಿತು. ಕಾಲಕ್ರಮದಲ್ಲಿ ಅದು ಪುರಸಭೆಯುಳ್ಳ ಪಟ್ಟಣವೂ ಆಯಿತು. ಇಂಥ ಪಟ್ಟಣಗಳಲ್ಲೆಲ್ಲ ಎರಡು ನೋಟಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಒಳಗೆ ಗಟಾರದ ನೀರು ನಿಂತ ಇಕ್ಕಟ್ಟಿನ ಓಣಿ, ವಾರಸುದಾರರ ವ್ಯಾಜ್ಯದಲ್ಲಿ ಮಣ್ಣುಗೂಡುತ್ತಿರುವ ಮನೆ. ಹೊರಗೆ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಸಾಲಾಗಿ ನೆಟ್ಟ ಬಿಳಿಯ ಕಲ್ಲು, ಎನ್.ಎ. ಪ್ಲಾಟುಗಳು ಮಾರಾಟಕ್ಕಿವೆಯೆಂಬ ಹಲಗೆ. ಈ ಎರಡು ನೋಟಗಳಿಗೂ ಇರುವ ಸಂಬಂಧವನ್ನು ತಿಳಿಯಬೇಕಾದರೆ ನೂರಿಪ್ಪತ್ತೈದು ವರುಷಗಳಿಗೂ ಹಿಂದಕ್ಕೆ ಹೋಗಬೇಕು.

ಶೇಷಾದ್ರಿ ಅಯ್ಯರರು ಕನ್ನಡಿಗರಲ್ಲ. 1845ನೆಯ ಇಸವಿಯ ಜೂನ್ 1ರಂದು ಮಲಬಾರ ಸೀಮೆಯ ಪಾಲಘಾಟದ ಸಮೀಪದ ಕುಮಾರಪುರದಲ್ಲಿ ತಮಿಳು ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಕಲ್ಲಿಕೋಟೆಯಲ್ಲಿಯೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿದರು. 1868ರಲ್ಲಿ ರಂಗಾಚಾರ್ಲು ಅವರು ಈ ತರುಣನನ್ನು ಮೈಸೂರಿನ ಚಾಕರಿಗೆ ಕರೆತಂದರು. ಆಗ ಸಂಸ್ಥಾನವು ಇಂಗ್ಲಿಷ್ ಕಮಿಶನರರ ಕೈಯಲ್ಲಿತ್ತು. ಕಚೇರಿಯ ಕೆಳಗಿನ ಮೆಟ್ಟಿಲುಗಳನ್ನು ಇವರು ಬೇಗಬೇಗನೆ ಏರಿದರು. ನಡುವೆ ಕಾಯದೆಯ ಪದವಿಯನ್ನೂ ಪಡೆದರು. ಜಿಲ್ಲೆಗಳ ಆಡಳಿತವನ್ನೂ ನಡೆಸಿದರು. 1881ರಲ್ಲಿ ಸಂಸ್ಥಾನವು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಾಗ ರಂಗಾಚಾರ್ಲು ದಿವಾಣರಾದರು. ಎರಡು ವರುಷ ಕಳೆಯುವುದರೊಳಗಾಗಿ, 1883ರ ಜನವರಿಯಲ್ಲಿ, ಅವರು ತೀರಿಕೊಂಡರು. ಮೂವತ್ತೇಳು ವರುಷದ ಶೇಷಾದ್ರಿ ಅಯ್ಯರರ ಹೆಗಲಿಗೆ ನೊಗ ಬಿತ್ತು.

ಆ ನೊಗದ ಭಾರವನ್ನು ಊಹಿಸಿಕೊಳ್ಳುವುದು ಇಂದಿನವರಿಗೆ ಕಠಿಣ. 1876 ರಿಂದ 1878ರ ವರೆಗಿನ ಡೋಗಿ ಬರದಲ್ಲಿ ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಪಾಲು ಇಲ್ಲವಾಗಿತ್ತು. 1871ರ ಖಾನೇಸುಮಾರಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಸಂಖ್ಯೆ ಹತ್ತು ವರುಷಗಳ ತರುವಾಯ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾಗಿತ್ತು. ಬೊಕ್ಕಸದ ಮೇಲೆ ಇಂಗ್ಲಿಷರಿಗೆ ಕೊಡಬೇಕಾದ ಎಂಬತ್ತು ಲಕ್ಷ ರೂಪಾಯಿಯ ಸಾಲವಿತ್ತು. ಬರದಲ್ಲಿ ಜನರು ಸತ್ತುದಕ್ಕೆ ಕಾಳಿನ ಕೊರತೆಯಷ್ಟೇ ಕಾಳನ್ನು ಸಾಗಿಸುವ ದಾರಿಯ ಕೊರತೆಯೂ ಕಾರಣವೆಂಬುದನ್ನು ಕಂಡಿದ್ದ ಹೊಸ ದಿವಾಣರು ಮೊದಲು ರೈಲಿಗೆ ಕೈಹಾಕಿದರು. ಬೆಂಗಳೂರಿನಿಂದ ತುಮಕೂರಿನ ವರೆಗೆ 1884ರಲ್ಲಿ ಹಳಿ ಬಿತ್ತು. 1889ರಲ್ಲಿ ಅದು ಹರಿಹರವನ್ನು ಮುಟ್ಟಿ, ಹುಬ್ಬಳ್ಳಿ ಧಾರವಾಡಗಳ ಸಂಗಡ ಮೈಸೂರು ಸೀಮೆಯನ್ನು ಹೊಲಿಯಿತು. ಒಡೆದು ಹಂಚಿಹೋಗಿದ್ದ ಕನ್ನಡ ನಾಡಿನ ಎರಡು ತುಂಡುಗಳು ಒಂದು ಹಳಿಯಿಂದ ಜೋಡಿಸಲ್ಪಟ್ಟದ್ದು ನಮ್ಮ ದೃಷ್ಟಿಯಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಅದೇ ಹಳಿಯ ಮೇಲೆ ಒಂಬತ್ತು ವರುಷಗಳ ತರುವಾಯ ಏನು ಬಂದಿತೆಂಬುದನ್ನು ಮುಂದೆ ಹೇಳಲಿದ್ದೇವೆ.

ಶಾಸನ ಮಾಡುವುದರಲ್ಲಿ ದಿವಾಣರು ಹಿಂಜರಿಯುವವರಾಗಿರಲಿಲ್ಲ. ಎಂಟು ವರುಷದೊಳಗಿನ ಹೆಣ್ಣುಮಕ್ಕಳ ಲಗ್ನವನ್ನು ನಿಷೇಧಿಸುವ ನಿಬಂಧನೆಯು 1894ರಲ್ಲಿ ಮೈಸೂರಿನಲ್ಲಿ ಜಾರಿಗೆ ಬಂದಾಗ ಸನಾತನಿಗಳು ಬೊಬ್ಬೆಯಿಟ್ಟರು, ಇವರು ಕದಲಲಿಲ್ಲ. ಪ್ರಾಚ್ಯವಸ್ತು ಇಲಾಖೆ, ಭೂಗರ್ಭ ಇಲಾಖೆ, ಮೈಸೂರಿನ ಪ್ರಾಚ್ಯ ಗ್ರಂಥಾಲಯ, ಎಲ್ಲವೂ ಇವರ ಕಾಲದ ಸ್ಥಾಪನೆಗಳು. ರಂಗಾಚಾರ್ಲು ಅವರು ಹುಟ್ಟಿಸಿದ ಪ್ರಜಾಪ್ರತಿನಿಧಿ ಸಭೆಗೆ 1891ರಲ್ಲಿ ಚುನಾವಣೆಯನ್ನು ತಂದವರೂ ಇವರೇ. ಆದರೆ ಆ ಸಭೆಗೆ ಅಹವಾಲು ಹೇಳಿಕೊಳ್ಳುವ ಹಕ್ಕಿತ್ತೇ ಹೊರತು ತೀರ್ಮಾನಿಸುವ ಅಧಿಕಾರವಿರಲಿಲ್ಲ. ದಸರೆಯ ಕಾಲಕ್ಕೆ ಕೂಡುವುದು, ದಿವಾಣರ ಭಾಷಣ ಕೇಳುವುದು, ಊರಿನ ಕೆರೆ ಬಾವಿಗಳ ಅರಿಕೆ ಒಪ್ಪಿಸಿ ಮನೆಗೆ ಮರಳುವುದು, ಇಷ್ಟೇ ಅದರ ಪಾಲಿಗೆ ಉಳಿದಿತ್ತು. ದೊಡ್ಡ ಹುದ್ದೆಗಳಿಗೆ ಮದ್ರಾಸಿನವರನ್ನೇ ತರುತ್ತಾರೆಂದು ಮೈಸೂರಿನವರು ಇವರ ಮೇಲೆ ಹೊರಿಸಿದ ಆಪಾದನೆಯು ಸುಳ್ಳೆಂದು ನಾವು ಹೇಳಲಾರೆವು. ತಮ್ಮ ಬುದ್ಧಿಯಲ್ಲಿ ಇವರಿಗಿದ್ದ ನಂಬಿಗೆ ಅಪಾರ. ಇನ್ನೊಬ್ಬರ ಬುದ್ಧಿಯನ್ನು ಕೇಳುವ ಅಭ್ಯಾಸ ಅಷ್ಟಿರಲಿಲ್ಲ. ಊರು ಕಟ್ಟುವ ವಿಷಯದಲ್ಲಿ ಈ ಗುಣವೂ ದೋಷವೂ ಎರಡೂ ಕಾಣಬರುತ್ತವೆ.

ಈಗ ಬೆಂಗಳೂರಿಗೆ ಬರೋಣ. ಆಗಿನ ಬೆಂಗಳೂರು ಒಂದು ಊರಲ್ಲ, ಎರಡು. 1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಒಂದು. 1809ರಿಂದ ಇಂಗ್ಲಿಷ್ ದಂಡಿಗಾಗಿ ಬೆಳೆದ ದಂಡುಪ್ರದೇಶ ಇನ್ನೊಂದು. 1862ರಲ್ಲಿ ಎರಡಕ್ಕೂ ಬೇರೆಬೇರೆ ಮ್ಯುನಿಸಿಪಾಲಿಟಿಗಳಾದವು. ಎರಡನೆಯದು ರೆಸಿಡೆಂಟನ ಅಧೀನದಲ್ಲಿತ್ತು. ದಿವಾಣರ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ದಂಡುಪ್ರದೇಶದಲ್ಲಿ ವಿಶಾಲವಾದ ಅಂಗಳಗಳ ನಡುವೆ ಒಂಟೊಂಟಿಯಾಗಿ ಬಂಗಲೆಗಳು. ಪೇಟೆಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಗಳು. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆ, ಕುಂಬಾರಪೇಟೆ, ಅರಳೆಪೇಟೆ, ಹೀಗೆ ಕಸಬಿಗೊಂದು ಪೇಟೆ. ಕೆಳಗೆ ಅಂಗಡಿ, ಮೇಲೆ ಸಂಸಾರ. ಹಿತ್ತಿಲಲ್ಲಿ ಮಗ್ಗ ಇಲ್ಲವೆ ಕಣಜ. ದುಡಿಮೆಯೂ ಮನೆತನವೂ ಒಂದೇ ಸೂರಿನಡಿಯಲ್ಲಿದ್ದುದರಿಂದ ಪೇಟೆಯವನಿಗೆ ನಡೆದು ಹೋಗುವಷ್ಟು ದೂರದಲ್ಲಿಯೇ ಅವನ ಲೋಕವಿತ್ತು. ನೀರು ಮಾತ್ರ ಬಾವಿಗಳದ್ದು, ಧರ್ಮಾಂಬುಧಿ ಸಂಪಂಗಿಗಳಂಥ ಕೆರೆಗಳದ್ದು. ಆ ಧರ್ಮಾಂಬುಧಿಯಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ, ಸಂಪಂಗಿಯಲ್ಲಿ ಕ್ರೀಡಾಂಗಣವಿದೆ; ಊರು ಹೊರಗೆ ಬೆಳೆದಂತೆ ಒಳಗಿನ ಕೆರೆ ಯಾರಿಗೂ ಬೇಡವಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಪೇಟೆಯ ನೀರಿನ ಕಷ್ಟವನ್ನು ದಿವಾಣರು ಅರಿತಿದ್ದರು. ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ ಕೊಳವೆಗಳ ಮೂಲಕ ನೀರು ತರುವ ಚಾಮರಾಜೇಂದ್ರ ಜಲಾಶಯದ ಯೋಜನೆ 1894ರಲ್ಲಿ ಆರಂಭವಾಗಿ ಎರಡು ವರುಷಗಳಲ್ಲಿ ಊರಿಗೆ ನೀರು ಬಂದಿತು. ಹಳೆಯ ಊರನ್ನು ಇದ್ದಲ್ಲಿಯೇ ಬದುಕಿಸುವ ಕೆಲಸವೆಂದರೆ ಇದು. ಇದಕ್ಕೆ ಸ್ವಲ್ಪ ಮುಂಚೆಯೇ, 1892ರಲ್ಲಿ, ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆಯೆಂಬ ಹೊಸ ಬಡಾವಣೆಯನ್ನು ಅಳೆದು ಹಂಚಲಾಗಿತ್ತು. ಶೇಷಾದ್ರಿಪುರವೂ ಅದೇ ಕಾಲದ್ದು. ಒಂದು ಕೈಯಿಂದ ಹಳೆಯದರ ದುರಸ್ತಿ, ಇನ್ನೊಂದು ಕೈಯಿಂದ ಹೊಸತರ ನಿರ್ಮಾಣ: 1898ರ ವರೆಗೆ ಎರಡು ಕೈಗಳೂ ಹೆಚ್ಚುಕಡಿಮೆ ಸಮನಾಗಿ ದುಡಿದವು.

1896ರ ಸೆಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮರುವರುಷ ಪುಣೆಯನ್ನು ಹೊಕ್ಕಿತು. ಅಲ್ಲಿ ಸೋಂಕನ್ನು ಹುಡುಕುವ ನೆವದಿಂದ ಗೋರಾ ಸೋಜಿರರು ಮನೆಮನೆಯ ಅಡಿಗೆಯ ಕೋಣೆ ದೇವರ ಕೋಣೆಗಳಿಗೆ ನುಗ್ಗಿದುದೂ, ರ್‍ಯಾಂಡನ ಕೊಲೆಯಾದುದೂ, ಲೋಕಮಾನ್ಯ ತಿಲಕರು ಸೆರೆಮನೆ ಸೇರಿದುದೂ ನಮ್ಮ ವಾಚಕರಿಗೆ ತಿಳಿದ ವಿಷಯ. 1897ರಲ್ಲಿ ಹಿಂದುಸ್ತಾನ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಮಾಡಿತು. 2020ರಲ್ಲಿ ಕೋವಿಡ್ ಬಂದಾಗ ನಮ್ಮ ದೇಶವು ಮೊದಲು ಕೈಗೆತ್ತಿಕೊಂಡದ್ದು ಅದನ್ನೇ! ಪ್ಲೇಗು ಹೋದರೂ ಪ್ಲೇಗಿನ ಕಾಯದೆ ಹೋಗುವುದಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಇದು ಬೇಕಾಗುತ್ತದೆ.

ಬೆಳಗಾವಿ ಧಾರವಾಡ ಜಿಲ್ಲೆಗಳಿಗೂ ಮಾರಿ ಇಳಿಯಿತು. ಹುಬ್ಬಳ್ಳಿಯಲ್ಲಿ ಅದರ ಹಾವಳಿ ಎಷ್ಟು ಭಯಂಕರವಾಗಿತ್ತೆಂದರೆ ಹಾಫ್‌ಕಿನ್ ಕಂಡುಹಿಡಿದ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಜನರಿಗೆ ಚುಚ್ಚಿ ಪರೀಕ್ಷಿಸಿದ ಊರುಗಳಲ್ಲಿ ಅದೂ ಒಂದಾಯಿತು. ಅಲ್ಲಿಂದ ಬೆಂಗಳೂರಿಗೆ ರೈಲಿತ್ತಷ್ಟೆ. ಬರದಿಂದ ಜನರನ್ನು ಉಳಿಸಲೆಂದು ದಿವಾಣರು ಹಾಸಿದ ಅದೇ ಹಳಿಯ ಮೇಲೆ, 1898ರ ಆಗಸ್ಟಿನಲ್ಲಿ, ಪ್ಲೇಗು ಬೆಂಗಳೂರಿನ ನಿಲ್ದಾಣದಲ್ಲಿ ಇಳಿಯಿತು. ಗೋಡೆಗೆ ಗೋಡೆ ಹತ್ತಿದ, ಧಾನ್ಯದ ಕಣಜಗಳಿಂದ ತುಂಬಿದ ಪೇಟೆಯು ಇಲಿಗಳಿಗೆ ಸ್ವರ್ಗವಾಗಿತ್ತು. ಜನರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1891ರಲ್ಲಿ ಪೇಟೆ ದಂಡುಗಳೆರಡೂ ಕೂಡಿ ಸುಮಾರು 1 ಲಕ್ಷ 80 ಸಾವಿರವಿದ್ದ ಜನಸಂಖ್ಯೆಯು 1901ರಲ್ಲಿ 1 ಲಕ್ಷ 59 ಸಾವಿರಕ್ಕೆ ಇಳಿದಿತ್ತೆಂದರೆ ಉಳಿದುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮಹಾರಾಜ ಚಾಮರಾಜೇಂದ್ರರು 1894ರ ಡಿಸೆಂಬರದಲ್ಲಿಯೇ ಕಲಕತ್ತೆಯಲ್ಲಿ ಅಕಾಲ ಮರಣಕ್ಕೀಡಾಗಿದ್ದರು. ಕುಮಾರ ಕೃಷ್ಣರಾಜರು ಇನ್ನೂ ಬಾಲಕರು. ವಾಣೀವಿಲಾಸ ಸನ್ನಿಧಾನದವರ ರೀಜೆನ್ಸಿಯಲ್ಲಿ ರಾಜ್ಯದ ಸಮಸ್ತ ಭಾರವೂ ದಿವಾಣರ ಮೇಲಿತ್ತು. ವಿ. ಪಿ. ಮಾಧವರಾಯರನ್ನು ಪ್ಲೇಗಿನ ಕಮಿಶನರನ್ನಾಗಿ ನೇಮಿಸಿದರು. ರೋಗಿಗಳನ್ನು ಬೇರ್ಪಡಿಸುವುದು, ಮನೆಗಳ ಸೂರು ಬಿಚ್ಚಿ ಬಿಸಿಲು ಬಿಡುವುದು, ಕೆಲವನ್ನು ಕೆಡವಿಹಾಕುವುದು, ಈ ಎಲ್ಲ ಉಪಾಯಗಳೂ ನಡೆದವು. ಜನರು ರೋಗಕ್ಕೆ ಹೆದರಿದಷ್ಟೇ ಉಪಾಯಗಳಿಗೂ ಹೆದರಿದರು. ಶ್ರೀರಂಗಪಟ್ಟಣದ ಹತ್ತಿರದ ಗಂಜಾಮಿನಲ್ಲಿ ಜನ ದಂಗೆಯೆದ್ದರು, ಪೋಲೀಸರ ಗುಂಡು ಹಾರಿತು. ತನ್ನ ಸಂಸ್ಥಾನದ ಸರಕಾರವೇ ಆದರೂ ಕೇಳದೆ ಮನೆಯೊಳಗೆ ಕಾಲಿಟ್ಟರೆ ಪ್ರಜೆಯು ಅದನ್ನು ತನ್ನದೆಂದು ಭಾವಿಸುವುದಿಲ್ಲ. ಆ ಕಾಲದ ಅಧಿಕಾರಿಗಳು ಇದನ್ನು ಜನರ ಅಜ್ಞಾನವೆಂದು ಕರೆದರು. ನಮಗೆ ಹಾಗೆ ಅನ್ನಿಸುವುದಿಲ್ಲ.

ಈ ಗೊಂದಲದ ನಡುವೆ ಶೇಷಾದ್ರಿ ಅಯ್ಯರರು ತಮ್ಮ ದೊಡ್ಡ ಉತ್ತರವನ್ನು ಕೊಟ್ಟರು. ಪೇಟೆಯ ದಕ್ಷಿಣಕ್ಕೆ ಕೆಂಪೇಗೌಡರ ಕಾಲದ ದೊಡ್ಡ ಬಸವಣ್ಣನ ಗುಡಿಯ ಸುತ್ತ ಒಂದು, ವಾಯವ್ಯಕ್ಕೆ ಕಾಡುಮಲ್ಲೇಶ್ವರನ ಗುಡಿಯ ಸುತ್ತ ಒಂದು, ಹೀಗೆ ಎರಡು ವಿಸ್ತಾರವಾದ ಬಡಾವಣೆಗಳು ಸಿದ್ಧವಾದವು. ನೂಲು ಹಿಡಿದಂತೆ ನೇರವಾದ ಬೀದಿಗಳು; ಮನೆಯ ಸುತ್ತ ಗಾಳಿ ಬೆಳಕಿಗೆ ತೆರವು; ಹಿಂದುಗಡೆ ಹೊಲಸು ಸಾಗಿಸುವವರಿಗಾಗಿ ಪ್ರತ್ಯೇಕ ಗಲ್ಲಿ; ನಡುವೆ ಮೈದಾನ, ಮರ. ಬಸವನಗುಡಿ ಮಲ್ಲೇಶ್ವರಗಳ ಚೆಲುವನ್ನು ಕಂಡ ಯಾವನೂ ಅದನ್ನು ಹಳಿಯಲಾರನು. ಪ್ಲೇಗಿನ ಭೀತಿಯಲ್ಲಿ ನಡುಗುತ್ತಿದ್ದ ಸಾವಿರಾರು ಸಂಸಾರಗಳಿಗೆ ಅವು ಪುನರ್ಜನ್ಮವನ್ನಿತ್ತವು. ಮುಂಬಯಿ ಸರಕಾರವು ಅದೇ 1898ರಲ್ಲಿ ಇಂಪ್ರೂವಮೆಂಟ್ ಟ್ರಸ್ಟಿನ ಕಾಯದೆ ಮಾಡಿ, ಹಳೆಯ ಚಾಳುಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಹಾಯಿಸಹೊರಟಾಗ ಬಡವರು ಬೀದಿಗೆ ಬಿದ್ದರು. ಅದಕ್ಕೆ ಹೋಲಿಸಿದರೆ ಕೆಡವುವುದಕ್ಕಿಂತ ಮೊದಲು ಕಟ್ಟಿದ ಮೈಸೂರು ದಿವಾಣರ ವಿವೇಕವು ಮೇಲಾದುದೆಂದೇ ಒಪ್ಪಬೇಕು.

ಆದರೆ ಯಾರು ಹೋದರು, ಯಾರು ಉಳಿದರು? ಇದನ್ನು ಕೇಳದೆ ಮುಂದುವರಿಯುವಂತಿಲ್ಲ. ಹೊಸ ನಿವೇಶನಕ್ಕೆ ಹಣ ಕಟ್ಟಿ ಮನೆಯೆತ್ತಬಲ್ಲವರು ಹೋದರು: ಸರಕಾರದ ನೌಕರರು, ವಕೀಲರು, ಉಪಾಧ್ಯಾಯರು, ಅನುಕೂಲಸ್ಥ ವರ್ತಕರು. ಜಾತಿಜಾತಿಗಳಿಗೆ ಪ್ರತ್ಯೇಕ ಭಾಗಗಳನ್ನು ಗೊತ್ತುಮಾಡಿದ್ದರಿಂದ ಪೇಟೆಯಲ್ಲಿ ಒಂದು ಬಗೆಯ ಭೇದವಿದ್ದರೆ ಬಡಾವಣೆಯ ನಕ್ಷೆಯಲ್ಲಿ ಅದಕ್ಕೆ ಸರಕಾರದ ಮೊಹರು ಬಿತ್ತು. ನೇಕಾರ, ಹಮಾಲ, ಚಿಲ್ಲರೆ ಅಂಗಡಿಯವ, ಬಾಡಿಗೆಯ ಕೋಣೆಯ ವಿಧವೆ, ಇವರು ಹೋಗಲಾರದವರು. ಮಗ್ಗವನ್ನೂ ಗಿರಾಕಿಯನ್ನೂ ಬಿಟ್ಟು ಮೂರು ಮೈಲು ದೂರ ಹೋಗಿ ಏನು ಮಾಡಬೇಕು? ಅವರು ಉಳಿದರು. ಅವರೊಡನೆ ಇಲಿಯೂ ಉಳಿಯಿತು. ಪ್ಲೇಗು ಮುಂದಿನ ಅನೇಕ ವರುಷ ಪೇಟೆಗೆ ಮರಳಿ ಮರಳಿ ಬಂದಿತು. ಬಾಯಿದ್ದವರು ಊರು ಬಿಟ್ಟಮೇಲೆ ಹಳೆಯ ಪೇಟೆಯ ಗಟಾರದ ಪರವಾಗಿ ಮ್ಯುನಿಸಿಪಾಲಿಟಿಯಲ್ಲಿ ಮಾತನಾಡುವವರಾದರೂ ಯಾರು? ಬಡಾವಣೆಯ ನಿಜವಾದ ಬೆಲೆಯು ಇದೇ. ನಿವೇಶನದ ಪತ್ರದಲ್ಲಿ ಅದನ್ನು ಬರೆಯುವುದಿಲ್ಲ.

ಪೇಟೆಯನ್ನು ದಿವಾಣರು ಪೂರ್ತಿಯಾಗಿ ಮರೆತರೆಂದು ಹೇಳಿದರೆ ಅನ್ಯಾಯವಾದೀತು. ಕೋಟೆಯ ಮಗ್ಗುಲಲ್ಲಿ, ಪೇಟೆಯ ಬಡವನು ನಡೆದು ಹೋಗುವಷ್ಟು ಸಮೀಪದಲ್ಲಿ, ವಿಕ್ಟೋರಿಯಾ ಆಸ್ಪತ್ರೆಯನ್ನು ಕಟ್ಟಿಸಿದವರು ಅವರೇ. 1900ರ ಡಿಸೆಂಬರದಲ್ಲಿ ಲಾರ್ಡ್ ಕರ್ಜನನು ಅದನ್ನು ತೆರೆದನು. ಹೊಸ ಬಡಾವಣೆಯ ಸೊಗಸಾದ ಬಯಲಿನಲ್ಲಿ ಕಟ್ಟಿಸಬಹುದಾಗಿದ್ದ ಆಸ್ಪತ್ರೆಯನ್ನು ಹಳೆಯ ಊರಿನ ಬಾಗಿಲಿನಲ್ಲಿ ಕಟ್ಟಿಸಿದುದನ್ನು ಅವರ ಪುಣ್ಯದ ಪಟ್ಟಿಗೆ ಸೇರಿಸಲೇಬೇಕು. ದೋಷವು ಅವರ ಮನಸ್ಸಿನಲ್ಲಿರಲಿಲ್ಲ; ಅವರ ಹಿಂದಿನಿಂದ ಬಂದ ಕಾಯದೆಗಳಲ್ಲಿ ಸೇರಿಕೊಂಡಿತು. ಆಪತ್ಕಾಲದ ಔಷಧವನ್ನು ಅವು ನಿತ್ಯದ ಆಹಾರವನ್ನಾಗಿ ಮಾಡಿದವು.

1903ರಲ್ಲಿ ಮೈಸೂರು ನಗರಕ್ಕೆ ಸುಧಾರಣೆಯ ಟ್ರಸ್ಟ್ ಬೋರ್ಡು ಬಂದಿತು. 1945ರಲ್ಲಿ ಬೆಂಗಳೂರಿಗೆ ಅಂಥದೇ ಕಾಯದೆಯಾಯಿತು. ಏಕೀಕರಣದ ತರುವಾಯ 1961ರಲ್ಲಿ ಇಡೀ ರಾಜ್ಯಕ್ಕೆ ನಗರ ಹಾಗೂ ಗ್ರಾಮಾಂತರ ಯೋಜನೆಯ ಕಾಯದೆ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯದೆ. 1987ರಲ್ಲಿ ಇತರ ನಗರಗಳಿಗಾಗಿ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯದೆ. ನಮ್ಮ ಬೆಳಗಾವಿಯ ಬುಡಾ ಇದರ ಕೂಸು. ಹೆಸರು ಸುಧಾರಣೆಯೆಂದಿರಲಿ ಅಭಿವೃದ್ಧಿಯೆಂದಿರಲಿ, ಯಂತ್ರ ಒಂದೇ: ಊರ ಹೊರಗಿನ ರೈತನ ಹೊಲವನ್ನು ವಶಪಡಿಸಿಕೊಳ್ಳುವುದು, ನಿವೇಶನಗಳಾಗಿ ಕೊಯ್ಯುವುದು, ಮಾರುವುದು, ಬಂದ ಹಣದಿಂದ ಮುಂದಿನ ಹೊಲಕ್ಕೆ ಹೋಗುವುದು. ಹೊಸ ನಿವೇಶನ ಮಾರಿದರೆ ಪ್ರಾಧಿಕಾರಕ್ಕೆ ಆದಾಯ. ಹಳೆಯ ಓಣಿ ದುರಸ್ತಿ ಮಾಡಿದರೆ ಖರ್ಚು. ಹೊಟ್ಟೆ ತುಂಬುವ ದಾರಿಯತ್ತಲೇ ಎತ್ತು ಎಳೆಯುವುದು ಸಹಜ. ಎತ್ತನ್ನು ಬೈದು ಉಪಯೋಗವೇನು? ಮೇವನ್ನು ಅಲ್ಲಿ ಕಟ್ಟಿದವರು ಶಾಸನಕರ್ತರು.

ಇದರ ಫಲವನ್ನು ಬೆಂಗಳೂರು ಉಂಡಿದೆ. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ ನೂರಹತ್ತು ಹಳ್ಳಿಗಳನ್ನೂ ನುಂಗಿ ಮಹಾನಗರ ಪಾಲಿಕೆಯು ಏಳುನೂರು ಚದರ ಕಿಲೋಮೀಟರುಗಳಿಗಿಂತ ಹೆಚ್ಚಿಗೆ ಹರಡಿತು. ನುಂಗಿದ ಹಳ್ಳಿಗಳಿಗೆ ನೀರು ಕೊಡುವುದಕ್ಕೆ ಎಷ್ಟು ವರುಷ ಹಿಡಿಯಿತೆಂಬುದನ್ನು ಅಲ್ಲಿಯ ಜನರೇ ಹೇಳಬೇಕು. ಒಂದೇ ಪಾಲಿಕೆಯಿಂದ ಆಗದೆಂದು ಕಂಡಮೇಲೆ 2024ರ ಗ್ರೇಟರ್ ಬೆಂಗಳೂರು ಆಡಳಿತದ ಕಾಯದೆಯನ್ನು ಮಾಡಿ 2025ರಲ್ಲಿ ಐದು ಪಾಲಿಕೆಗಳನ್ನಾಗಿ ಒಡೆದರು. ನಡುವೆ, ಅಪ್ಪಣೆಯಿಲ್ಲದೆ ಎದ್ದ ಮನೆಗಳನ್ನೂ ಬಡಾವಣೆಗಳನ್ನೂ ದಂಡ ತೆಗೆದುಕೊಂಡು ಸಕ್ರಮಗೊಳಿಸುವ ಅಕ್ರಮ ಸಕ್ರಮದ ನಿಯಮಗಳನ್ನು 2014ರಲ್ಲಿ ತಂದರು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವುಗಳಿಗೆ ತಡೆಯಾಜ್ಞೆ ಕೊಟ್ಟಿತು. 2020ರಲ್ಲಿ ಭೂಸುಧಾರಣಾ ಕಾಯದೆಯನ್ನು ತಿದ್ದಿ, ಒಕ್ಕಲಿಗನಲ್ಲದವನೂ ಹೊಲ ಕೊಳ್ಳಬಹುದೆಂದು ಬಾಗಿಲು ತೆರೆದರು. ಒಂದು ಕಾಯದೆ ಊರಿಗೆ ಬೇಲಿ ಹಾಕುತ್ತದೆ, ಇನ್ನೊಂದು ಕಾಯದೆ ಅದೇ ಬೇಲಿಯನ್ನು ಕೀಳುತ್ತದೆ! ಎರಡಕ್ಕೂ ವಿಧಾನಸೌಧದಲ್ಲಿ ಮೇಜು ಕುಟ್ಟುವವರು ಮಾತ್ರ ಬಹುಮಟ್ಟಿಗೆ ಅವರೇ.

ಬೇರೆ ದಾರಿಯನ್ನು ಯಾರೂ ತೋರಿಸಿರಲಿಲ್ಲವೆಂದಲ್ಲ. ಶೇಷಾದ್ರಿ ಅಯ್ಯರರು ತೀರಿಕೊಂಡ ಹದಿಮೂರು ವರುಷಗಳ ಮೇಲೆ, 1914ರಲ್ಲಿ, ಸ್ಕಾಟ್‌ಲಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬ ವಿದ್ವಾಂಸನು ಮದ್ರಾಸಿನ ಗವರ್ನರನ ಕರೆಯ ಮೇರೆಗೆ ಹಿಂದುಸ್ತಾನಕ್ಕೆ ಬಂದನು. ಸಸ್ಯಶಾಸ್ತ್ರದ ಪಂಡಿತನಾದ ಆತನು ಎಡಿನಬರೋದ ಹಳೆಯ ಕೊಳಗೇರಿಯಲ್ಲಿ ತಾನೇ ಹೆಂಡತಿಯೊಡನೆ ವಾಸಮಾಡಿ ಅದನ್ನು ತಿದ್ದಿದವನು. ಹತ್ತು ವರುಷ ನಮ್ಮ ದೇಶದ ಊರೂರು ತಿರುಗಿ, ಹಳೆಯ ಪೇಟೆಗಳನ್ನು ಕೆಡವಬೇಡಿರಿ, ಬಿದ್ದುಹೋದ ಮನೆಯ ಜಾಗವನ್ನು ಅಂಗಳ ಮಾಡಿರಿ, ಒಂದು ಮರ ನೆಡಿರಿ, ಗಟಾರ ಸರಿಪಡಿಸಿರಿ, ಬಾವಿ ಕೆರೆಗಳನ್ನು ಉಳಿಸಿರಿ ಎಂದು ವರದಿಯ ಮೇಲೆ ವರದಿ ಬರೆದನು. ರೋಗವಿದ್ದ ಬೆರಳಿಗಾಗಿ ಕೈಯನ್ನೇ ಕಡಿಯಬಾರದೆಂಬುದು ಆತನ ವಿಚಾರದ ಸಾರ. ಇಂದೂರಿನಲ್ಲಿ ಪ್ಲೇಗನ್ನು ಓಡಿಸುವುದಕ್ಕೆ ಅವನು ಸೋಜಿರರನ್ನು ಕರೆಯಲಿಲ್ಲ. ದೀಪಾವಳಿಯ ಮೆರವಣಿಗೆಯನ್ನೇ ಊರು ಗುಡಿಸುವ ಹಬ್ಬವನ್ನಾಗಿ ಮಾಡಿದನು. 1915ರಲ್ಲಿ ಮುಂಬಯಿ ಸರಕಾರವು ನಗರರಚನೆಯ ಕಾಯದೆಯನ್ನು ಮಾಡಿತು. ನಮ್ಮ ಬೆಳಗಾವಿ ಜಿಲ್ಲೆ ಆಗ ಅದರಡಿಯಲ್ಲಿಯೇ ಇತ್ತು. ಆದರೆ ಗೆಡ್ಡಿಸನ ವರದಿಗಳು ಕಪಾಟಿನಲ್ಲಿ ಉಳಿದವು, ಬಡಾವಣೆಗಳು ನೆಲದ ಮೇಲೆ ಬೆಳೆದವು.

ನಮ್ಮ ಕಡೆಯ ಊರುಗಳಿಗೆ ಇದು ಈಗ ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆಯೂ ಮಾರ್ಕಂಡೇಯವೂ ಉಕ್ಕಿ, ಲೋಳಸೂರಿನ ಸೇತುವೆ ಮುಳುಗಿ, ಗೋಕಾಕದ ತಗ್ಗಿನ ಓಣಿಗಳಲ್ಲಿ ನೀರು ನಿಂತಾಗ ಪ್ಲೇಗಿನ ಕಾಲದ ಮಾತುಗಳೇ ಮತ್ತೆ ಕೇಳಿಬಂದವು. ಎತ್ತರದ ಜಾಗಕ್ಕೆ ಹೋಗಬೇಕಾದವರು ಇದ್ದಾರೆ; ಅವರಿಗೆ ನೆಲೆ ಕೊಡುವುದು ಸರಕಾರದ ಧರ್ಮ. ಆ ನೆವದಿಂದ ಉಳಿದವರ ಓಣಿಗಳನ್ನು ದೈವಕ್ಕೆ ಬಿಡುವುದು ಮಾತ್ರ ಧರ್ಮವಲ್ಲ. ಕೊಣ್ಣೂರಿನಂಥ ಪುರಸಭೆಯ ಆದಾಯವೆಷ್ಟು? ಬಿನ್‌ಶೇತ್ಕಿ ಅಪ್ಪಣೆಯನ್ನು ಕೊಡುವವರು ಜಿಲ್ಲಾಧಿಕಾರಿಗಳು. ಪ್ಲಾಟು ಮಾರಿ ಲಾಭ ಮಾಡಿಕೊಳ್ಳುವವರು ಬೇರೆ. ಅರೆಮರೆಯಾಗಿ ಹಾಕಿದ ರಸ್ತೆ ದೀಪ ಗಟಾರಗಳನ್ನು ಕೊನೆಗೆ ಹೊತ್ತುಕೊಳ್ಳುವುದು ಪುರಸಭೆ. ನಾಲ್ಕು ಮನೆಗಳಿಗಾಗಿ ಅರ್ಧ ಮೈಲು ನಳದ ಕೊಳವೆ ಎಳೆಯುವ ಹಣದಲ್ಲಿ ಗಿರಣಿಯ ಕೂಲಿಕಾರರ ಮೊಮ್ಮಕ್ಕಳು ಇಂದಿಗೂ ಇರುವ ಓಣಿಯೊಂದನ್ನು ಶುಚಿಗೊಳಿಸಬಹುದು. ಮಹಾನಗರಗಳಿಗಾದರೂ 2015ರಿಂದ ಸ್ಮಾರ್ಟ್ ಸಿಟಿಯ ಯೋಜನೆ ಎಂಬುದೊಂದು ಬಂದಿತು. ಮೊದಲ ಇಪ್ಪತ್ತು ನಗರಗಳಲ್ಲಿ ಬೆಳಗಾವಿಯೂ ಸೇರಿತ್ತು. ಸಣ್ಣ ಪಟ್ಟಣದ ಹಳೆಯ ಗರ್ಭಕ್ಕೆಂದೇ ಮೀಸಲಾದ ಹಣವನ್ನು ಕಡ್ಡಾಯಗೊಳಿಸುವ ಕಲಮು ರಾಜ್ಯದ ಕಾಯದೆಯಲ್ಲಿ ಬರಬೇಕು. ಹೊಸ ಬಡಾವಣೆಗೆ ಅಪ್ಪಣೆ ಕೊಡುವ ಮೊದಲು ಊರೊಳಗಿನ ತೆರಪು ಜಾಗಗಳ ಲೆಕ್ಕ ಕೇಳುವ ಕಲಮೂ ಅದರ ಜೊತೆಯಲ್ಲಿ ಬರಬೇಕು. ಈ ಬೇಡಿಕೆಯನ್ನು ನಮ್ಮ ಭಾಗದ ಶಾಸಕರ ಮುಂದೆ ಇಡಲು ನಾವು ಸಂಕೋಚಪಡುವುದಿಲ್ಲ.

ಶೇಷಾದ್ರಿ ಅಯ್ಯರರ ಕೊನೆಯ ದಿನಗಳು ಸುಖದವಾಗಿರಲಿಲ್ಲ. ಪ್ಲೇಗಿನೊಡನೆಯೂ ರೆಸಿಡೆನ್ಸಿಯೊಡನೆಯೂ ಹೆಣಗಿ ಶರೀರ ಕುಗ್ಗಿತ್ತು. ಅಷ್ಟರಲ್ಲಿಯೇ ಅವರು ತಮ್ಮ ಎಲ್ಲಕ್ಕಿಂತ ದೊಡ್ಡ ಸಾಹಸಕ್ಕೆ ಕೈಹಾಕಿದ್ದರು. ಗೋಕಾಕದ ಧಬಧಬೆಯು ತನ್ನ ದಂಡೆಯ ಗಿರಣಿಯನ್ನು ತಿರುಗಿಸುತ್ತಿದ್ದುದು ಸರಿಯೇ. ಆದರೆ ನೀರಿನ ಬಲವನ್ನು ತಂತಿಯ ಮೇಲೆ ದೂರದ ಊರಿಗೆ ಕಳುಹಿಸಬಹುದೆಂಬುದನ್ನು ನಮ್ಮ ದೇಶದಲ್ಲಿ ಯಾರೂ ಆವರೆಗೆ ಮಾಡಿ ತೋರಿಸಿರಲಿಲ್ಲ. ಲೋಟ್ಬಿನಿಯರ್ ಎಂಬ ಇಂಜಿನಿಯರನ ಮಾತಿಗೆ ಕಿವಿಗೊಟ್ಟು, ಶಿವನಸಮುದ್ರದ ಕಾವೇರಿಯಿಂದ ಸುಮಾರು 92 ಮೈಲು ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ತನ್ನು ಒಯ್ಯುವ ಕೆಲಸವನ್ನು ಆರಂಭಿಸಿದರು. 1901ರ ಮಾರ್ಚಿನಲ್ಲಿ ಅಧಿಕಾರ ಬಿಟ್ಟರು. ಆರು ತಿಂಗಳು ಕಳೆಯುವುದರೊಳಗೆ, ಸೆಪ್ಟೆಂಬರ 13ರಂದು, ಐವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಗಣಿಗೆ ವಿದ್ಯುತ್ತು ಹರಿದದ್ದು 1902ರ ಜೂನ್ 30ರಂದು. ಅವರು ಅದನ್ನು ಕಾಣಲಿಲ್ಲ.

ಅದಾದ ಮೂರು ವರುಷಗಳ ಮೇಲೆ, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಯಲ್ಲಿ ಮೊದಲ ವಿದ್ಯುದ್ದೀಪ ಹೊತ್ತಿತು. ಅದು ಹೊತ್ತಿದ್ದು ಬಸವನಗುಡಿಯಲ್ಲಲ್ಲ, ಮಲ್ಲೇಶ್ವರದಲ್ಲಲ್ಲ. ಈಗ ಕೃಷ್ಣರಾಜೇಂದ್ರ ಮಾರುಕಟ್ಟೆಯಿರುವ ಹಳೆಯ ಪೇಟೆಯ ಅಂಚಿನಲ್ಲಿ, ಹಮಾಲರೂ ಹೂವಾಡಗಿತ್ತಿಯರೂ ನೆರೆಯುವ ಜಾಗದಲ್ಲಿ.